ಪ್ರಾಥಮಿಕ ಶಾಲೆಯ ಶಿಕ್ಷಕರೂ ನೂತನ ಯಂತ್ರಸಾಧನಗಳೂ

(ಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠ ಎಂಬ ಶಬ್ದಕ್ಕೆ ಕನ್ನಡ ನಾಡಿನಲ್ಲಿ ಹಿಂದಿನಿಂದಲೂ ಎರಡು ಅರ್ಥಗಳು ಸಲ್ಲುತ್ತ ಬಂದಿವೆ. ಗುರುಗಳು ನೆಲಸಿರುವ ಸ್ಥಾನವು ಮಠವೆನಿಸುವಂತೆಯೇ ಊರ ಮಕ್ಕಳು ಕೂಡಿ ಅಕ್ಷರ ತಿದ್ದುವ ಸ್ಥಾನವೂ ಮಠವೆನಿಸುತ್ತಿತ್ತು. ಸರಕಾರಿ ಶಾಲೆಗಳು ಹುಟ್ಟುವ ಮೊದಲು ಹಳ್ಳಿಯ ಅಯ್ಯನವರು ತಮ್ಮ ಜಗಲಿಯ ಮೇಲೆ ಹುಡುಗರನ್ನು ಕೂಡಿಸಿಕೊಂಡು ಓದು, ಬರೆಹ, ಲೆಕ್ಕಗಳನ್ನು ಕಲಿಸುತ್ತಿದ್ದರು. ಜನರು ಅದನ್ನು ‘ಅಯ್ಯನವರ ಮಠ’ವೆಂದೇ ಕರೆಯುತ್ತಿದ್ದರು. ಮುಂಬಯಿ ಕರ್ನಾಟಕದಲ್ಲಿ 1860ರ ದಶಕದಲ್ಲಿ ಪ್ರಾಥಮಿಕ ಶಿಕ್ಷಕರ ಸಲುವಾಗಿ ಪ್ರಾರಂಭವಾದ ಪತ್ರಿಕೆಗೆ ‘ಮಠಪತ್ರಿಕೆ’ ಎಂಬ ಹೆಸರನ್ನೇ ಇಟ್ಟರು. ಅದು ತರುವಾಯ ‘ಶಾಲಾಪತ್ರಿಕೆ’ಯಾಗಿ, ಬಳಿಕ ‘ಜೀವನ ಶಿಕ್ಷಣ’ವಾಗಿ ನಡೆದು ಬಂದಿತು. ಆದುದರಿಂದ ಮಠದ ಮಹೋತ್ಸವದಲ್ಲಿ ಪ್ರಾಥಮಿಕ ಶಾಲೆಯ ವಿಚಾರವನ್ನೆತ್ತುವದು ಹೊರಗಿನ ಮಾತನ್ನು ಒಳಗೆ ತಂದಂತಾಗದು. ಮನೆಯ ಮಾತನ್ನು ಮನೆಯಲ್ಲಿಯೇ ಆಡಿದಂತಾಗುವದು.

ಇಂದಿನ ವಿಷಯವು, ಶಿಕ್ಷಕವೃತ್ತಿಗೆ ಸಿದ್ಧರಾಗುತ್ತಿರುವ ತರುಣ ತರುಣಿಯರು ಮೊಬೈಲು, ಕಂಪ್ಯೂಟರು, ಚಿತ್ರಪರದೆ ಮೊದಲಾದ ನೂತನ ಯಂತ್ರಗಳನ್ನು ಚಿಕ್ಕ ಮಕ್ಕಳ ಪಾಠಕ್ಕೆ ಬಳಸಿಕೊಳ್ಳುವ ಬಗೆ ಎಂಥದಿರಬೇಕು ಎಂಬುದಾಗಿದೆ. ಈ ಬಗೆಗೆ ಹಿರಿಯರಲ್ಲಿ ಎರಡು ಮತಗಳು ಕೇಳಿಬರುತ್ತವೆ. ಯಂತ್ರವು ಮಕ್ಕಳನ್ನು ಕೆಡಿಸುವದು, ಅದನ್ನು ಶಾಲೆಯ ಹೊಸ್ತಿಲೊಳಗೆ ಬಿಡಕೂಡದು ಎಂಬುದು ಒಂದು. ಯಂತ್ರವೊಂದು ಬಂದರೆ ಸಾಕು, ಪಾಠವೆಲ್ಲ ತಾನಾಗಿಯೇ ಆಗುವದು ಎಂಬುದು ಇನ್ನೊಂದು. ಎರಡೂ ಮತಗಳು ಯಂತ್ರವನ್ನು ನೋಡಿದವೇ ಹೊರತು ಮಗುವನ್ನು ನೋಡಲಿಲ್ಲ. ಬಸವಕಲ್ಯಾಣ, ಹುಮನಾಬಾದ ತಾಲೂಕುಗಳಂಥ ಗಡಿಸೀಮೆಯಲ್ಲಿ ಮುಖ್ಯವಾದ ಪ್ರಶ್ನೆಯು ಒಂದೇ: ಈ ಸಾಧನವು ಮಗುವಿನ ಬಾಯನ್ನು ತೆರೆಸುವದೋ, ಮುಚ್ಚಿಸುವದೋ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಯಂತ್ರವನ್ನು ಮಾಡಿದವನಲ್ಲ, ಅದನ್ನು ತರಗತಿಯಲ್ಲಿ ಕೈಗೆತ್ತಿಕೊಳ್ಳುವ ಶಿಕ್ಷಕನು.

ಮೊದಲು ಒಂದು ಸಂಗತಿಯನ್ನು ನೆನೆಯುವದು ಒಳ್ಳೆಯದು. ಕಲಿಸುವ ಕೆಲಸವು ಸಾಧನವಿಲ್ಲದೆ ಎಂದೂ ನಡೆದಿರುವದಿಲ್ಲ. ನೆಲದ ಮೇಲೆ ಮರಳು ಹರವಿ ಬೆರಳಿನಿಂದ ತಿದ್ದಿಸಿದ ಕಾಲವಿತ್ತು. ಕಬ್ಬಿಣದ ಕಂಠದಿಂದ ತಾಳೆಯೋಲೆಯ ಮೇಲೆ ಕೊರೆದ ಕಾಲವಿತ್ತು. ಬಟ್ಟೆಗೆ ಕಪ್ಪು ಬಳಿದು ಮಡಿಕೆ ಹಾಕಿದ ಕಡತದ ಮೇಲೆ ಬಳಪದಿಂದ ಬರೆದರು. ಆಮೇಲೆ ಪಾಟಿ ಬಂದಿತು, ಕರಿಹಲಗೆ ಬಂದಿತು, ಅಚ್ಚಿನ ಪುಸ್ತಕ ಬಂದಿತು. ಇವುಗಳಲ್ಲಿ ಒಂದೊಂದೂ ಒಂದು ಕಾಲಕ್ಕೆ ಹೊಸದೇ ಆಗಿದ್ದಿತು. ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಕಲ್ಮೇಶ್ವರ ದೇವಾಲಯವಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಕೈಯೆತ್ತಿ ಶಾಸನ ಬರೆಯುತ್ತಿರುವಂತೆ ಶಿಲ್ಪಿಯು ಕಂಡರಿಸಿದ್ದಾನೆ. ಕಲ್ಯಾಣದಲ್ಲಿ 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಪ್ರಶಂಸೆಯು ಆಕೆಯ ಬರೆಹದಲ್ಲಿದೆ. ಒಂಬತ್ತು ನೂರು ವರ್ಷಗಳ ಹಿಂದೆ ಈ ಸೀಮೆಯ ಶಿಲ್ಪಿಯೊಬ್ಬನಿಗೆ, ಬರೆಯುವ ಹೆಣ್ಣು ದೇವಾಲಯದ ಗೋಡೆಗೆ ಅಲಂಕಾರವೆಂದು ತೋರಿತು. ಅದೇ ತಾಲೂಕಿನ ಹೆಣ್ಣುಮಗಳು ಇಂದು ಶಿಕ್ಷಕಿಯಾಗಲು ಹೊರಟು ಹೊಸ ಬರೆಹದ ಸಾಧನವನ್ನು ಕೈಯಲ್ಲಿ ಹಿಡಿದರೆ, ಅದು ಈ ನೆಲಕ್ಕೆ ಪರಕೀಯವಾದ ಕಾರ್ಯವೆನ್ನಲಾಗದು.

ಶರಣರ ವಚನಗಳು ಇಂದು ಮನೆಮನೆಯಲ್ಲಿ ಇರುವದಕ್ಕೂ ಸಾಧನದ ಸದುಪಯೋಗವೇ ಕಾರಣವಾಗಿದೆ. ಓಲೆಯ ಕಟ್ಟುಗಳಲ್ಲಿ ಹುದುಗಿದ್ದ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು (1880–1964) 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, 1925ರಲ್ಲಿ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಮುದ್ರಣಯಂತ್ರಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದ ಸಂಗತಿಯು ಸರ್ವವಿದಿತವಾಗಿದೆ. ವಕೀಲಿವೃತ್ತಿಯ ಆ ಮಹನೀಯರು ಯಂತ್ರದ ಮೋಹದಿಂದ ಯಂತ್ರವನ್ನು ಕೊಳ್ಳಲಿಲ್ಲ. ಕೆಲವರ ಮನೆಯ ಗಂಟಿನಲ್ಲಿದ್ದುದು ಎಲ್ಲರ ಕೈಗೆ ಬರಬೇಕೆಂಬ ಹಂಬಲವು ಅವರನ್ನು ಯಂತ್ರದ ಕಡೆಗೆ ನಡೆಯಿಸಿತು. ಸಾಧನವು ದಾಸೋಹವಾಗುವ ಬಗೆ ಇದು. ಶಿಕ್ಷಣಾರ್ಥಿಗಳು ಮೊಟ್ಟಮೊದಲು ಕಲಿಯಬೇಕಾದ ಪಾಠವೂ ಇದೇ.

ಇನ್ನು ಈ ಸೀಮೆಯ ವಿಶೇಷವನ್ನು ಹೇಳಬೇಕು. ಬೀದರ ಜಿಲ್ಲೆಯು 1948ರ ಸೆಪ್ಟೆಂಬರದ ವರೆಗೆ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದಿತು. 1956ರ ನವೆಂಬರ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಸಂಸ್ಥಾನದ ಕಾಲದಲ್ಲಿ ಕಚೇರಿಗೂ ಉಚ್ಚಶಿಕ್ಷಣಕ್ಕೂ ಉರ್ದೂ ಭಾಷೆಯೇ ಬಾಗಿಲಾಗಿದ್ದಿತು. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಎಲ್ಲ ಶಾಸ್ತ್ರಗಳನ್ನೂ ಕಲಿಸಬಹುದೆಂದು ತೋರಿಸಿಕೊಟ್ಟಿತು. ಉರ್ದೂ ಭಾಷೆಗೆ ಅದು ಕೀರ್ತಿಯ ವಿಷಯವೇ ಸರಿ. ದೋಷವು ಭಾಷೆಯದಲ್ಲ. ಮನೆಯಲ್ಲಿ ಕನ್ನಡವನ್ನಾಡುವ ಮಗುವು ಶಾಲೆಯ ಬಾಗಿಲಲ್ಲಿ ತನ್ನ ಮಾತನ್ನು ಬಿಟ್ಟು ಒಳಗೆ ಬರಬೇಕಾದ ವ್ಯವಸ್ಥೆಯಲ್ಲಿ ದೋಷವಿದ್ದಿತು. ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದೂ ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಪಾಠವನ್ನು ನಡೆಯಿಸಿದ ಕಥೆಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಎತ್ತಲು ಶ್ರಮಿಸಿದವರೂ ಅವರೇ. ಆ ಕಥೆಯನ್ನು ಕೇವಲ ಸಾಹಸದ ಕಥೆಯೆಂದು ಕೇಳಿ ಬಿಡಬಾರದು. ಅದರಲ್ಲಿ ಶಿಕ್ಷಣದ ಮೂಲತತ್ತ್ವವೇ ಅಡಗಿದೆ: ಫಲಕ ಯಾವುದಾದರೂ ಇರಲಿ, ಒಳಗೆ ಮಗುವಿಗೆ ತಿಳಿಯುವ ಮಾತು ನಡೆಯುತ್ತಿರಬೇಕು.

ಈಗ ಫಲಕವು ಬದಲಾಗಿದೆ. ಗೋಡೆಯ ಮೇಲೆ ಹೊಳೆಯುವ ಪರದೆಯೇ ಇಂದಿನ ಫಲಕ. ಅದರಲ್ಲಿ ಬರುವ ಮಾತು ದೂರದ ಪಟ್ಟಣದ್ದಾಗಿ, ಚಿತ್ರವು ಮಗು ಎಂದೂ ಕಾಣದ ದೇಶದ್ದಾಗಿ, ವೇಗವು ಅದರ ತಿಳಿವಳಿಕೆಯನ್ನು ಮೀರಿದ್ದಾದರೆ, ಹಿಂದಿನ ದೋಷವೇ ಹೊಸ ವೇಷದಲ್ಲಿ ಮರಳಿ ಬಂದಂತಾಗುವದು. ಹಿಂದೆ ಸರಕಾರದ ಅಪ್ಪಣೆಯಿಂದ ಮಗು ಮೂಕವಾಯಿತು. ಇಂದು ಬೆಳಕಿನ ಬೆರಗಿನಿಂದ ಮೂಕವಾಗುವದು. ಬೆರಗಿನಿಂದಾದ ಮೌನವನ್ನು ಕಂಡು ಶಿಕ್ಷಕನು, ಮಕ್ಕಳು ಶಾಂತರಾಗಿ ಕಲಿಯುತ್ತಿರುವರೆಂದು ತಪ್ಪು ತಿಳಿಯುವ ಸಂಭವವೂ ಇದೆ.

ಯಂತ್ರದ ಮೂಲಕ ಪಾಠ ಹೇಳುವ ಪ್ರಯೋಗವು ಈ ಭಾಗಕ್ಕೆ ಹೊಸದೇನೂ ಅಲ್ಲ. ಗುಲ್ಬರ್ಗದ ಆಕಾಶವಾಣಿ ಕೇಂದ್ರವು 1966ರಲ್ಲಿ ಪ್ರಾರಂಭವಾಯಿತು. ಮುಂದೆ 1975ರ ಆಗಸ್ಟ 1ರಿಂದ 1976ರ ಜುಲೈ 31ರ ವರೆಗೆ ಒಂದು ವರ್ಷ, ಅಮೇರಿಕೆಯ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದರು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ. ಇನ್ನೂ ವಿದ್ಯುತ್ತನ್ನೇ ಸರಿಯಾಗಿ ಕಾಣದ ಹಳ್ಳಿಗಳಲ್ಲಿ ತಂತಿಬಲೆಯ ದೊಡ್ಡ ತಟ್ಟೆಯನ್ನು ನಿಲ್ಲಿಸಿ, ಬೆಳಗಿನಲ್ಲಿ ಶಾಲೆಯ ಮಕ್ಕಳಿಗೂ ಸಂಜೆಯಲ್ಲಿ ಊರವರಿಗೂ ಚಿತ್ರಗಳನ್ನು ತೋರಿಸಿದರು. ಆ ಅವಧಿಯಲ್ಲಿಯೇ ದೇಶದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಕೊಟ್ಟರು. ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ತರಬೇತಿಯನ್ನು ದೂರದರ್ಶನ ಒಂದಕ್ಕೇ ಒಪ್ಪಿಸಲಿಲ್ಲ. ರೇಡಿಯೋ ಪಾಠ, ಅಚ್ಚಿನ ಕೈಪಿಡಿ, ಕೈಯಿಂದ ಮಾಡಿ ನೋಡುವ ಪ್ರಯೋಗಗಳು, ಇವೆಲ್ಲಕ್ಕೂ ಮಿಗಿಲಾಗಿ ಸಂಶಯ ಬಂದಾಗ ಪಕ್ಕದಲ್ಲಿದ್ದು ತಿಳಿಸುವ ಮಾರ್ಗದರ್ಶಿ, ಇಷ್ಟನ್ನೂ ಕೂಡಿಸಿದರು. ಆಕಾಶದಿಂದ ಪಾಠವು ಇಳಿದು ಬಂದರೂ ನೆಲದ ಮೇಲೆ ಒಬ್ಬ ಮನುಷ್ಯನು ನಿಂತಿರಬೇಕೆಂಬುದನ್ನು ಆ ಪ್ರಯೋಗದವರು ಅರಿತಿದ್ದರು.

21ನೆಯ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕದ ಮಕ್ಕಳಿಗಾಗಿ ‘ಚಿಣ್ಣರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ರೇಡಿಯೋ ಪಾಠಗಳು ಬಂದವು. ಇವುಗಳ ರಚನೆಯಲ್ಲಿ ಒಂದು ಜಾಣ್ಮೆಯಿದ್ದಿತು. ಕಥೆಯ ಪಾತ್ರವು ಪ್ರಶ್ನೆಯನ್ನು ಕೇಳಿ ಕ್ಷಣಕಾಲ ಸುಮ್ಮನಾಗುತ್ತಿತ್ತು. ಆ ಬಿಡುವಿನಲ್ಲಿ ಮಕ್ಕಳು ಉತ್ತರ ಕೊಡಬೇಕು, ಹಾಡಬೇಕು, ಎದ್ದು ಕುಣಿಯಬೇಕು. ಯಂತ್ರವು ಮಾತನಾಡುವದನ್ನು ನಿಲ್ಲಿಸಿದ ಹೊತ್ತಿನಲ್ಲಿಯೇ ಕಲಿಕೆಯು ನಡೆಯುತ್ತಿತ್ತು. ಅದೇ ಕಾಲದಲ್ಲಿ, 2004ರ ಸೆಪ್ಟೆಂಬರ 20ರಂದು, ಶಿಕ್ಷಣಕ್ಕಾಗಿಯೇ ನಿರ್ಮಿತವಾದ ‘ಎಜುಸ್ಯಾಟ್’ ಉಪಗ್ರಹವನ್ನು ಭಾರತವು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಮುಟ್ಟಿದವು. ಆ ಉಪಗ್ರಹದ ಆಯುಷ್ಯವು 2010ರಲ್ಲಿ ಮುಗಿಯಿತು. ಇಲ್ಲಿ ಶಿಕ್ಷಣಾರ್ಥಿಯು ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳಬೇಕು. ಕೋಟಿಗಟ್ಟಲೆ ಹಣದ ಉಪಗ್ರಹಕ್ಕೆ ಆರು ವರ್ಷ ಆಯುಷ್ಯ. ಇಪ್ಪತ್ತೈದರ ವಯಸ್ಸಿನಲ್ಲಿ ಶಾಲೆ ಸೇರಿದ ಶಿಕ್ಷಕಿಗೆ ಮೂವತ್ತು ವರ್ಷಕ್ಕೂ ಮಿಕ್ಕಿದ ಸೇವೆ. ಆಕೆಯು ತನ್ನ ಸೇವಾವಧಿಯಲ್ಲಿ ಇಂಥ ಅನೇಕ ಯಂತ್ರಗಳು ಬಂದು ಹೋಗುವದನ್ನು ಕಾಣುವಳು. ಒಂದು ಯಂತ್ರದ ಗುಂಡಿಗಳನ್ನು ಬಾಯಿಪಾಠ ಮಾಡಿದರೆ ಆ ಯಂತ್ರದೊಡನೆ ಆಕೆಯ ವಿದ್ಯೆಯೂ ಹಳತಾಗುವದು. ಯಾವ ಯಂತ್ರ ಬಂದರೂ, ಇದು ಯಾವ ಮಗುವಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಬೇಕು ಎಂದು ತೂಗಿ ನೋಡುವ ಬುದ್ಧಿಯನ್ನು ಗಳಿಸಿದರೆ ಅದು ಹಳತಾಗುವದಿಲ್ಲ.

ಮಾತು ಬರಿಯ ತತ್ತ್ವವಾಗಿ ಉಳಿಯಬಾರದಾದುದರಿಂದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಹುಮನಾಬಾದ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿ, ಪ್ರಾಥಮಿಕ ಶಿಕ್ಷಕರ ಎರಡು ವರ್ಷಗಳ ತರಬೇತಿಗೆ ಸೇರಿ, ಬಸವಕಲ್ಯಾಣದ ಸಮೀಪದ ಶಾಲೆಯಲ್ಲಿ ಅಭ್ಯಾಸಪಾಠಕ್ಕೆ ನಿಂತ ಶಿಕ್ಷಣಾರ್ಥಿನಿ ಒಬ್ಬಳನ್ನು ಸಭಿಕರು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಈಕೆ ಬೆರಳು ಮಾಡಿ ತೋರಿಸಬಹುದಾದ ಒಬ್ಬಳಲ್ಲ. ಇಂಥವರು ವರ್ಷ ವರ್ಷವೂ ಈ ಸೀಮೆಯಲ್ಲಿ ಸಿದ್ಧರಾಗುತ್ತಿರುವರು. ಮೂರನೆಯ ಇಯತ್ತೆಗೆ ‘ನೀರಿನ ಮೂಲಗಳು’ ಎಂಬ ಪಾಠ. ಆಕೆಯು ಮೊಬೈಲಿನಿಂದ ಸೊಗಸಾದ ಚಲಚ್ಚಿತ್ರವೊಂದನ್ನು ಆರಿಸಿ ಪರದೆಯ ಮೇಲೆ ಬಿಟ್ಟಳು. ಸಮುದ್ರ ಬಂದಿತು, ಜಲಪಾತ ಬಂದಿತು, ಹಿಮಪರ್ವತ ಬಂದಿತು. ಮಕ್ಕಳು ರೆಪ್ಪೆ ಮಿಟುಕಿಸದೆ ನೋಡಿದರು. ಚಿತ್ರ ಮುಗಿದ ಮೇಲೆ ಪ್ರಶ್ನೆ ಕೇಳಿದರೆ ಮುಂದಿನ ಸಾಲಿನ ಇಬ್ಬರು ‘ಸಾಗರ, ಜಲಪಾತ’ ಎಂದರು. ಶಾಲೆಯ ಹಿಂದುಗಡೆಯೇ ಇರುವ ಬಾವಿಯನ್ನು ಯಾರೂ ಹೇಳಲಿಲ್ಲ. ತಾಂಡಾದಿಂದ ಬಂದ ಮಗುವು ತುಟಿ ಬಿಚ್ಚಲಿಲ್ಲ. ಹಿಂದೆ ಕುಳಿತು ನೋಡುತ್ತಿದ್ದ ಮುಖ್ಯಗುರುಗಳು ಇಷ್ಟೇ ಕೇಳಿದರು: “ತಂಗೀ, ಚಿತ್ರ ಚೆಂದ ತೋರಿಸಿದಿ, ಪಾಠ ಯಾವಾಗ ಹೇಳ್ತಿ?”

ಆ ಮಾತು ಆಕೆಗೆ ನಾಟಿತು. ಮರುದಿನ ಬೆಳಗಿನಲ್ಲಿ ಅದೇ ಮೊಬೈಲನ್ನು ಹಿಡಿದು ಊರೊಳಗೆ ನಡೆದಳು. ಶಾಲೆಯ ಹಿಂದಿನ ಬಾವಿ, ಓಣಿಯ ಕೊಳವೆಬಾವಿ, ಕಬ್ಬಿನ ಹೊಲಕ್ಕೆ ಹರಿಯುವ ಕಾಲುವೆ, ಬಸವಕಲ್ಯಾಣದ ತ್ರಿಪುರಾಂತ ಕೆರೆ, ಇವುಗಳ ಚಿತ್ರ ತೆಗೆದುಕೊಂಡಳು. ತರಗತಿಯಲ್ಲಿ ಒಂದೊಂದನ್ನೇ ತೋರಿಸಿ ನಿಲ್ಲಿಸಿದಳು. ‘ಇದು ಯಾರ ಓಣಿಯದು? ಮನೆಯಲ್ಲಿ ಇದಕ್ಕೆ ಏನೆನ್ನುವಿರಿ?’ ಎಂದು ಕೇಳಿದಳು. ಆಗ ತರಗತಿಯು ಬೇರೆಯಾಯಿತು. ಮರಾಠಿ ಮನೆಯ ಮಗು ‘ಪಾಣಿ’ ಎಂದಿತು; ಲಂಬಾಣಿ ಮಗುವೂ ‘ಪಾಣಿ’ ಎಂದಿತು; ದಖನಿ ಉರ್ದೂ ಮನೆಯದು ‘ಪಾನಿ’ ಎಂದಿತು; ತೆಲುಗು ಮನೆಯದು ‘ನೀಳ್ಳು’ ಎಂದಿತು. ನಾಲ್ಕನ್ನೂ ಕರಿಹಲಗೆಯ ಮೇಲೆ ಬರೆದು, ನಡುವೆ ದೊಡ್ಡದಾಗಿ ‘ನೀರು’ ಎಂದು ಬರೆದಳು. ನೀಳ್ಳು ನೀರಿಗೆ ತಂಗಿ, ಪಾಣಿಗೆ ಪಾನಿ ತಂಗಿ ಎಂದು ಮಕ್ಕಳೇ ಕಂಡುಕೊಂಡರು. ತನ್ನ ಮನೆಯ ಶಬ್ದವನ್ನು ಗುರುಗಳ ಕೈಯಲ್ಲಿ ಹಲಗೆಯ ಮೇಲೆ ಕಂಡ ಮಗುವು, ಆ ಶಬ್ದದ ಪಕ್ಕದಲ್ಲಿದ್ದ ಕನ್ನಡ ಶಬ್ದವನ್ನೂ ತನ್ನದೆಂದು ಎತ್ತಿಕೊಂಡಿತು. ಎರಡು ದಿನವೂ ಬಳಸಿದ ಯಂತ್ರ ಒಂದೇ. ಮೊದಲ ದಿನ ಅದು ಮಕ್ಕಳ ಬಾಯಿ ಮುಚ್ಚಿಸಿತು. ಎರಡನೆಯ ದಿನ ತೆರೆಯಿಸಿತು.

ಈ ದೃಷ್ಟಾಂತದಿಂದ ಶಿಕ್ಷಣಾರ್ಥಿಗಳಿಗೆ ಉಪಯುಕ್ತವಾದ ಕೆಲವು ನಿಯಮಗಳನ್ನು ತೆಗೆಯಬಹುದು.

ಒಂದನೆಯದು ಸಿದ್ಧತೆ. ವಿದ್ಯುತ್ತು ಹೋಗುವದು, ನೆಟ್‌ವರ್ಕು ಸಿಕ್ಕದಿರುವದು ಹಳ್ಳಿಯ ಶಾಲೆಗೆ ಅಪರೂಪದ ಸಂಗತಿಗಳಲ್ಲ. ಬೇಕಾದುದನ್ನು ಹಿಂದಿನ ದಿನವೇ ಇಳಿಸಿಟ್ಟುಕೊಂಡು ಮೊದಲಿನಿಂದ ಕೊನೆಯ ವರೆಗೆ ತಾನು ನೋಡಿರಬೇಕು. 2017ರಲ್ಲಿ ಪ್ರಾರಂಭವಾದ ‘ದೀಕ್ಷಾ’ ವೇದಿಕೆಯಲ್ಲಿ ಪಾಠಸಾಮಗ್ರಿಯಿದೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂ.ಆರ್. ಚೌಕವನ್ನು ಮೊಬೈಲಿಗೆ ತೋರಿಸಿದರೆ ಅದು ತೆರೆಯುವದು. ಆದರೆ ತೆರೆದುದೆಲ್ಲವೂ ಈ ಊರಿನ ಮಗುವಿಗೆ ಹೊಂದುವದೆಂದಿಲ್ಲ. ಆರಿಸುವ ಹೊಣೆ ಶಿಕ್ಷಕಿಯದೇ. ಯಂತ್ರ ಕೈಕೊಟ್ಟರೆ ಅದೇ ಪಾಠವನ್ನು ಸೀಮೆಸುಣ್ಣದಿಂದ ಹೇಳಿ ಮುಗಿಸುವ ಶಕ್ತಿಯೂ ಆಕೆಗಿರಬೇಕು. ಆ ಶಕ್ತಿ ಇಲ್ಲದವಳ ಕೈಯಲ್ಲಿ ಯಂತ್ರವು ಊರುಗೋಲಾಗುವದೇ ಹೊರತು ಸಾಧನವಾಗದು.

ಎರಡನೆಯದು ನಿಲುಗಡೆ. ಚಿಕ್ಕ ಮಕ್ಕಳಿಗೆ ಎರಡು ಮೂರು ನಿಮಿಷಕ್ಕೊಮ್ಮೆ ಚಿತ್ರವನ್ನು ನಿಲ್ಲಿಸಿ, ಮುಂದೆ ಏನಾಗಬಹುದೆಂದು ಕೇಳಬೇಕು. ರೇಡಿಯೋ ಪಾಠದಲ್ಲಿ ಬಿಡುವನ್ನು ಮೊದಲೇ ಇಟ್ಟಿದ್ದರು. ಮೊಬೈಲಿನ ಪಾಠದಲ್ಲಿ ಆ ಬಿಡುವನ್ನು ಶಿಕ್ಷಕಿಯ ಬೆರಳು ಮಾಡಬೇಕು.

ಮೂರನೆಯದು ಧ್ವನಿ. ಮೊಬೈಲಿನಲ್ಲಿ ಚಿತ್ರಕ್ಕಿಂತಲೂ ಉಪಯುಕ್ತವಾದ ಗುಣವೆಂದರೆ ಧ್ವನಿಯನ್ನು ಹಿಡಿದಿಡುವದು. ಮಗು ಓದಿದ್ದನ್ನು ಹಿಡಿದು ಅದಕ್ಕೇ ಕೇಳಿಸಿದರೆ, ತಡೆದ ಕಡೆಯನ್ನು ಅದು ತಾನೇ ಗುರುತಿಸುವದು. ಗದರಿಸುವ ಪ್ರಸಂಗವೇ ಬರದು. ತಿಂಗಳಿಗೊಮ್ಮೆ ಹಿಡಿದಿಟ್ಟರೆ ವರ್ಷಾಂತ್ಯದಲ್ಲಿ ತಾಯಿತಂದೆಗಳಿಗೆ ಮಗುವಿನ ಪ್ರಗತಿಯನ್ನು ಕಿವಿಯಿಂದಲೇ ತೋರಿಸಬಹುದು. ಓದು ಬಾರದ ತಾಯಿಗೆ ಅಂಕಪಟ್ಟಿಗಿಂತ ಈ ಧ್ವನಿಯು ಹೆಚ್ಚು ತಿಳಿಯುವದು.

ನಾಲ್ಕನೆಯದು ಸ್ವಂತ ರಚನೆ. ಕನ್ನಡವು ಈಗ ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ಸೇರಿದ್ದು, ಒಂದು ಯಂತ್ರದಲ್ಲಿ ಬರೆದುದು ಇನ್ನೊಂದರಲ್ಲಿ ಅಳಿಯದೆ ಕಾಣುವದು. ಕೆ. ಪಿ. ರಾವ್ ಅವರು ಅಣಿಗೊಳಿಸಿದ ಕೀಲಿವಿನ್ಯಾಸವನ್ನು ಕಲಿತರೆ ಉಚ್ಚಾರದಂತೆಯೇ ಅಕ್ಷರ ಮೂಡಿಸಬಹುದು. ಊರ ಅಜ್ಜಿ ಹೇಳಿದ ಕಥೆ, ತೊಗರಿಯ ರಾಶಿ, ಕಲ್ಯಾಣದ ಕೋಟೆ, ಜಲಸಂಗಿಯ ಬರೆಯುವ ಬಾಲಿಕೆ, ಇವುಗಳನ್ನು ಕುರಿತು ಹತ್ತು ಸಾಲಿನ ಓದುಹಾಳೆಗಳನ್ನು ಶಿಕ್ಷಕಿಯೇ ಸಿದ್ಧಪಡಿಸಿದರೆ, ಅವು ಬೇರೆ ಯಾವ ಪಟ್ಟಣದಿಂದಲೂ ಬರಲಾರವು.

ಐದನೆಯದು ಹಂಚಿಕೆ. ಹಳ್ಳಿಯ ಶಾಲೆಯಲ್ಲಿ ಅನೇಕ ಕಡೆಗೆ ಒಬ್ಬರೇ ಶಿಕ್ಷಕರು ಎರಡು ಮೂರು ಇಯತ್ತೆಗಳನ್ನು ಒಟ್ಟಿಗೆ ನಡೆಯಿಸಬೇಕಾಗುವದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಪ್ರಾರಂಭವಾದ ‘ನಲಿ-ಕಲಿ’ ಪದ್ಧತಿಯು ಇಂಥ ತರಗತಿಯನ್ನು ಗುಂಪುಗಳಾಗಿ ವಿಂಗಡಿಸಿ, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ನಡಿಗೆಯಲ್ಲಿ ಮುಂದುವರಿಯುವಂತೆ ಮಾಡಿತು; 2009-10ರಿಂದ ರಾಜ್ಯದಲ್ಲೆಲ್ಲ ಹಬ್ಬಿತು. ಇಂಥಲ್ಲಿ ಒಂದು ಗುಂಪಿಗೆ ಯಂತ್ರದ ಅಭ್ಯಾಸವನ್ನು ಕೊಟ್ಟು, ಹಿಂದೆ ಬಿದ್ದ ಗುಂಪಿನ ನಡುವೆ ಶಿಕ್ಷಕಿಯು ಕುಳಿತುಕೊಳ್ಳಬೇಕು. ಇದಕ್ಕೆ ವಿಪರೀತವಾಗಿ, ಹಿಂದೆ ಬಿದ್ದ ಮಕ್ಕಳನ್ನು ಯಂತ್ರಕ್ಕೊಪ್ಪಿಸಿ ಜಾಣರೊಡನೆ ತಾನಿರುವದು ಸುಲಭವಾದರೂ ಧರ್ಮವಾಗದು.

ಕೊನೆಯದು ಸಂಯಮ. ಚಿಕ್ಕ ಮಗುವಿನ ಕೈಗೆ ಮಣ್ಣು, ಕಾಳು, ಬಳಪ, ಗೆಳೆಯರ ಕೈ, ಇವು ಸಿಕ್ಕಷ್ಟೂ ಒಳ್ಳೆಯದು. ಪರದೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮಕ್ಕಳ ಮುಖವನ್ನೂ ಹೆಸರನ್ನೂ ಊರ ಹೊರಗಿನವರಿಗೆಲ್ಲ ಕಾಣುವಂತೆ ಹರಡುವದು ಸಲ್ಲದು. ಮೊಬೈಲಿನಲ್ಲಿ ಬಂದುದೆಲ್ಲ ನಿಜವಲ್ಲವೆಂಬುದನ್ನು ಶಿಕ್ಷಕಿಯು ತಾನರಿತು ಮಕ್ಕಳಿಗೂ ಅರುಹಬೇಕು.

ಇಷ್ಟು ಹೇಳಿದ ಮೇಲೆ ಒಂದು ಕಹಿ ಸಂಗತಿಯನ್ನು ಮರೆಯಲಾಗದು. 2020ರ ಮಾರ್ಚಿನಲ್ಲಿ ಕೊರೋನಾ ಬೇನೆಯ ನಿಮಿತ್ತ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ 25ರಂದು. ಆ ಅವಧಿಯಲ್ಲಿ ಪಾಠವು ಮೊಬೈಲಿಗೆ ಹೋಯಿತು. ಮೊಬೈಲು ಇದ್ದ ಮನೆಯ ಮಗು ಅಷ್ಟಿಷ್ಟು ಕಲಿಯಿತು, ಇಲ್ಲದ ಮನೆಯದು ಹೊಲಕ್ಕೆ ಹೋಯಿ‌ತು. 2020ರ ಆಗಸ್ಟದಲ್ಲಿ ‘ವಿದ್ಯಾಗಮ’ವೆಂಬ ಯೋಜನೆಯಿಂದ ಶಿಕ್ಷಕರು ಮಕ್ಕಳಿದ್ದಲ್ಲಿಗೇ ನಡೆದು, ಗುಡಿಯ ಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಬೇನೆಯ ಭಯದಿಂದ ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮುಂದೆ 2022-23ರಲ್ಲಿ, ಮಕ್ಕಳು ಕಳೆದುಕೊಂಡ ಕಲಿಕೆಯನ್ನು ಮರಳಿ ಕಟ್ಟುವದಕ್ಕಾಗಿ ‘ಕಲಿಕಾ ಚೇತರಿಕೆ’ ಎಂಬ ಕಾರ್ಯವನ್ನೇ ಪ್ರತ್ಯೇಕವಾಗಿ ನಡೆಯಿಸಬೇಕಾಯಿತು. ಆ ಕಾಲವು ಕಲಿಸಿದ ಪಾಠ ಸ್ಪಷ್ಟವಾಗಿದೆ. ಯಂತ್ರವು ಮನೆಗಳಲ್ಲಿ ಹಂಚಿಹೋದಾಗ ಉಳ್ಳವರಿಗೂ ಇಲ್ಲದವರಿಗೂ ನಡುವೆ ಗೋಡೆಯಾಯಿತು. ಅದೇ ಯಂತ್ರವು ಶಾಲೆಯ ನಡುಮನೆಯಲ್ಲಿದ್ದರೆ, ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಬಡಿಸಿದ ಪ್ರಸಾದದಂತೆ, ಎಲ್ಲರಿಗೂ ಸಮನಾಗಿ ಸಲ್ಲುವದು.

ಆದುದರಿಂದ ಮಠದ ಭಕ್ತರಲ್ಲಿ ಕೆಲವು ಬಿನ್ನಹಗಳನ್ನು ಮಾಡುವದು ಈ ಉಪನ್ಯಾಸದ ಉದ್ದೇಶವಾಗಿದೆ. ಊರ ಶಾಲೆಗೆ ದಾನ ಕೊಡುವಾಗ ಯಂತ್ರವನ್ನಷ್ಟೇ ಕೊಟ್ಟು ಫಲಕದಲ್ಲಿ ಹೆಸರು ಬರೆಯಿಸಿದರೆ ಕೆಲಸ ಮುಗಿಯುವದಿಲ್ಲ. ಅದನ್ನು ನಡೆಯಿಸುವ ಬ್ಯಾಟರಿ ಹಳೆಯದಾದಾಗ ಬದಲಿಸುವವರು ಯಾರು, ಕೆಟ್ಟಾಗ ದುರಸ್ತಿ ಮಾಡಿಸುವವರು ಯಾರು ಎಂಬುದನ್ನೂ ಗೊತ್ತುಮಾಡಬೇಕು. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವ ಯಂತ್ರವು ದಾನಿಗೂ ಪುಣ್ಯವನ್ನು ತರದು, ಮಗುವಿಗೂ ವಿದ್ಯೆಯನ್ನು ತರದು. ಮನೆಯಲ್ಲಿ ಮೊಬೈಲು ಇಲ್ಲದ ಮಕ್ಕಳಿಗೆ ಸಂಜೆಯ ಹೊತ್ತು ಮಠದ ಅಂಗಳದಲ್ಲಿ ದೀಪ, ಚಾಪೆ, ಒಂದು ಒಳ್ಳೆಯ ಪುಸ್ತಕಪೆಟ್ಟಿಗೆ, ಒಂದು ಯಂತ್ರ, ಇಷ್ಟಿದ್ದರೂ ಸಾಕು. ಅಲ್ಲಿ ಅಭ್ಯಾಸಕ್ಕೆ ಬಂದ ಶಿಕ್ಷಣಾರ್ಥಿಗಳು ವಾರಕ್ಕೊಂದು ಸಲ ಕಥೆ ಹೇಳಲಿ. ವೃದ್ಧರು ಬಂದು ತಮ್ಮ ಹಾಡು, ಗಾದೆ, ಒಡಪುಗಳನ್ನು ಹೇಳಲಿ. ಶಿಕ್ಷಣಾರ್ಥಿಗಳು ಅವುಗಳನ್ನು ಹಿಡಿದಿಟ್ಟು ಶಾಲೆಗೆ ಒಯ್ಯಲಿ. ಹಳಕಟ್ಟಿಯವರು ಓಲೆಯ ಗಂಟುಗಳನ್ನು ಬಿಚ್ಚಿಸಿದಂತೆ, ಈ ಸೀಮೆಯ ಅಜ್ಜ ಅಜ್ಜಿಯರ ನೆನಪಿನ ಗಂಟುಗಳನ್ನು ಈ ತರುಣರು ಬಿಚ್ಚಿಸುವಂತಾಗಲಿ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪವು ದೊಡ್ಡದೆನಿಸಿದ್ದು ಅದರ ಗೋಡೆಯಿಂದಲ್ಲ. ಅಂಬಿಗನೂ ಮಡಿವಾಳನೂ ಕಾಯಕದ ಹೆಣ್ಣುಮಕ್ಕಳೂ ಅಲ್ಲಿ ತಮ್ಮ ಅನುಭವವನ್ನು ತಮ್ಮ ಆಡುಮಾತಿನಲ್ಲಿಯೇ ನುಡಿದರು. ನುಡಿದುದನ್ನು ಇತರರು ಗೌರವದಿಂದ ಕೇಳಿದರು. ಆ ನೆಲದ ಪ್ರಾಥಮಿಕ ಶಾಲೆಯಲ್ಲಿ ಕಟ್ಟಕಡೆಯ ಸಾಲಿನ ಮಗುವು ಎದ್ದು ನಿಂತು ತನ್ನ ಮಾತನ್ನು ಹೇಳುವಂತಾದರೆ, ಅದೇ ಚಿಕ್ಕ ಅನುಭವ ಮಂಟಪವಾಗುವದು. ಅದಕ್ಕೆ ಸಹಾಯವಾಗುವ ಯಂತ್ರವು ಬರಲಿ. ಅಡ್ಡಿಯಾಗುವ ಹೊತ್ತಿನಲ್ಲಿ ಅದನ್ನು ಕೆಳಗಿಡುವ ಧೈರ್ಯವೂ ಶಿಕ್ಷಕರಿಗೆ ಬರಲಿ. ಬೋಧನೆಯನ್ನು ಕಾಯಕವೆಂದು ಬಗೆದು ಹೊರಟ ಬಸವಕಲ್ಯಾಣ, ಹುಮನಾಬಾದ ಸೀಮೆಯ ಶಿಕ್ಷಣಾರ್ಥಿಗಳಿಗೆ ಪೂಜ್ಯರ ಆಶೀರ್ವಾದವೂ ಭಕ್ತಸಮೂಹದ ಬೆಂಬಲವೂ ಸದಾ ಇರಲಿ.